ಪಕ್ಕದ ಲೇನಿನ ಹಿರಿಯರಿಗೆ

ಸ್ಪರ್ಧೆಯ ಹಿಂದಿನ ಸಂಜೆ ಮಂಗಳೂರಿನ ಶೂಟಿಂಗ್ ರೇಂಜಿನಲ್ಲಿ ಪಕ್ಕದ ಲೇನಿನಲ್ಲಿದ್ದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಈ ಧನ್ಯವಾದ ನಿಮಗೆ.

ಮಲಗಿ ಹೊಡೆಯುವ 50 ಮೀಟರ್ ಪ್ರೋನ್‌ನಲ್ಲಿ ಹತ್ತು ಅಂಕದ ನಡುವಿನ ವೃತ್ತದ ವ್ಯಾಸ ಬರೀ 10.4 ಮಿಲಿಮೀಟರ್. ನನ್ನ .22 ರೈಫಲಿನ ಗುಂಡುಗಳು ಮೇಲೆ ಕೆಳಗೆ ಚದುರುತ್ತಿದ್ದವು. ನೀವೇ ಎದ್ದು ಬಂದಿರಿ: "ಗುರಿ ನೋಡುವ ಸೈಟ್ ಹಾಗೇ ಇರಲಿ ಮಾರಾಯ್ರೆ, ಮೊದಲು ಸ್ಕ್ರೂ ನೋಡುವ."

ಕರಾವಳಿಯ ತೇವಕ್ಕೆ ರೈಫಲಿನ ಮರದ ಹಿಡಿ, ಅಂದರೆ ಸ್ಟಾಕ್, ಉಬ್ಬಿ ಕುಗ್ಗುತ್ತದೆ, ಲೋಹದ ಭಾಗವನ್ನು ಅದಕ್ಕೆ ಬಿಗಿಯುವ ಆಕ್ಷನ್ ಸ್ಕ್ರೂಗಳ ಬಿಗಿ ಬದಲಾಗುತ್ತದೆ. ಬಿಗಿ ಅಳೆಯುವ ನಿಮ್ಮದೇ ಟಾರ್ಕ್ ಕೀ ತೆಗೆದು, ಎರಡನ್ನೂ ಸಡಿಲಿಸಿ, ಮುಂದಿನದು ಹಿಂದಿನದು ಎಂದು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸಿ 5 ನ್ಯೂಟನ್ ಮೀಟರಿಗೆ ನಿಲ್ಲಿಸಿದಿರಿ. ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರಿನ ಮುಂದೆ, ಮೇಣ ಸವರಿದ ಸೀಸದ ಗುಂಡುಗಳಿಂದ ಕಟ್ಟಿಕೊಂಡಿದ್ದ ಮೇಣ-ಸೀಸದ ಉಂಗುರ ಒರೆಸಿದಿರಿ. ಒರೆಸುವ ಬಟ್ಟೆಯ ಪ್ಯಾಚನ್ನು ಚೇಂಬರ್ ಕಡೆಯಿಂದಲೇ ತಳ್ಳಿದಿರಿ, ನಳಿಗೆಯ ತುದಿಗೆ ಪೆಟ್ಟಾಗಬಾರದಲ್ಲ.

ನಳಿಗೆಗೆ ಮತ್ತೆ ಮೇಣ ಹಿಡಿಯುವ ತನಕ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ ಎಂದಿರಿ. ಅಷ್ಟೂ ಹೊತ್ತು ಗುಂಡು ಬಿದ್ದ ಜಾಗ ನೋಡುವ ಸ್ಪಾಟಿಂಗ್ ಸ್ಕೋಪ್ ಬಿಟ್ಟು ಏಳಲಿಲ್ಲ. ಆಮೇಲಿನ ಗುಂಡುಗಳು ಒಂದೇ ತೂತಿಗೆ ಸೇರತೊಡಗಿದಾಗ ನನ್ನ ಎದೆ ಹಗುರಾಯಿತು. ಹೊರಡುವಾಗ ಗುಂಡಿನ ಪೆಟ್ಟಿಗೆ ತಿರುಗಿಸಿ ನೋಡಿ, ನಾಳೆಗೂ ಇದೇ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಇದೇ ಕಂತಿನ ಗುಂಡು, ಇರಲಿ ಅಂದಿರಿ.

ಅದನ್ನೇ ಬಳಸಿದೆ. ತುಂಬ ಉಪಕಾರವಾಯಿತು.