ಎರಡು ಹಸು, ಆರು ಕುರಿ, ಒಂದು ಹಂದಿ

ಮೇರಿಲ್ಯಾಂಡ್, ಅಮೆರಿಕ

ತೀರ್ಥರೂಪ ಅಪ್ಪನವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಅವ್ವನಿಗೂ ಅಜ್ಜ ಅಜ್ಜಿಯರಿಗೂ ನನ್ನ ನಮಸ್ಕಾರ ತಿಳಿಸಿರಿ.

ಪಿಂಚಣಿಯ ಕಾಗದಗಳಲ್ಲಿ ಅಜ್ಜಿಯ ಹೆಸರನ್ನು ತಿದ್ದಿಸಲು ಹೋದ ಅಜ್ಜ ಮೂರನೆಯ ಸಲವೂ ಬರಿಗೈಯಲ್ಲಿ ಮರಳಿದರೆಂದು ನೀವು ಫೋನಿನಲ್ಲಿ ಹೇಳಿದ ದಿನದಿಂದ ನನ್ನ ಮನಸ್ಸು ಅಲ್ಲಿಯೇ ಇದೆ. ಸೈನ್ಯದ ದಾಖಲೆಯಲ್ಲಿ ಅಜ್ಜಿಯ ತವರಿನ ಹೆಸರಿದೆ, ಆಧಾರ್ ಕಾರ್ಡಿನಲ್ಲಿ ಮದುವೆಯ ದಿನ ನಮ್ಮ ಮನೆಯವರು ಇಟ್ಟ ಹೆಸರಿದೆ. ಇಬ್ಬರೂ ಒಬ್ಬಳೇ ಎಂದು ತೋರಿಸಲು ಐವತ್ತು ವರ್ಷದ ಸಂಸಾರ ಸಾಲದೆ ಹೋಗಿದೆ. ತಾನು ಕಣ್ಣು ಮುಚ್ಚಿದ ಮೇಲೆ ಆಕೆ ಕಚೇರಿಯ ಮೆಟ್ಟಿಲು ಹತ್ತುವಂತಾಗಬಾರದು ಎಂಬ ಒಂದೇ ಚಿಂತೆಯಿಂದ ಅಜ್ಜ ಅಲೆಯುತ್ತಿದ್ದಾರೆಂಬುದು ನನಗೆ ಗೊತ್ತು. ಅವರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸದ ಕಾರಣ, ನಾನು ಈಚೆಗೆ ಓದಿದ ಸಂಗತಿಯೊಂದನ್ನು ಬರೆದು ಕಳಿಸುತ್ತಿದ್ದೇನೆ. ದಯವಿಟ್ಟು ಅವರ ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳಿರಿ.

ಇಲ್ಲಿಗೆ ಹತ್ತಿರದ ವಾಷಿಂಗ್ಟನ್ನಿನಲ್ಲಿ ಈ ದೇಶದ ರಾಷ್ಟ್ರೀಯ ಪತ್ರಾಗಾರವಿದೆ. 1775ರಿಂದ 1783ರವರೆಗೆ ಬ್ರಿಟಿಷರೊಡನೆ ನಡೆದ ಸ್ವಾತಂತ್ರ್ಯಯುದ್ಧದಲ್ಲಿ ದುಡಿದ ಸೈನಿಕರ ಮತ್ತು ಅವರ ವಿಧವೆಯರ ಪಿಂಚಣಿ ಅರ್ಜಿಗಳು, ಸುಮಾರು 80,000 ಕಡತಗಳು, ಅಲ್ಲಿ ಉಳಿದಿವೆ. ಅವುಗಳ ಪ್ರತಿಗಳನ್ನು ರಜೆಯ ದಿನಗಳಲ್ಲಿ ಓದುವುದು ನನಗೆ ರೂಢಿಯಾಗಿದೆ. ಓದುವಾಗಲೆಲ್ಲ ಅಜ್ಜನ ತಗಡಿನ ಪೆಟ್ಟಿಗೆ ನೆನಪಾಗುತ್ತದೆ.

ಯುದ್ಧ ಮುಗಿದಾಗ ಈ ದೇಶದ ಬೊಕ್ಕಸ ಬರಿದಾಗಿತ್ತು. ಕೈಕಾಲು ಕಳೆದುಕೊಂಡವರಿಗೆ ಪಿಂಚಣಿಯ ಏರ್ಪಾಡಿತ್ತು, ಅಧಿಕಾರಿಗಳಿಗೆ ಬೇರೆಯ ಒಪ್ಪಂದವಿತ್ತು. ಅಂಗಾಂಗ ನೆಟ್ಟಗೆ ಉಳಿಸಿಕೊಂಡು ಬಂದ ಸಾಮಾನ್ಯ ಸಿಪಾಯಿಗೆ ಏನೂ ಇರಲಿಲ್ಲ. ಅವನು ಮೂವತ್ತೈದು ವರ್ಷ ಕಾಯಬೇಕಾಯಿತು. ತಾನೂ ಆ ಯುದ್ಧದಲ್ಲಿ ಗಾಯಗೊಂಡಿದ್ದ ಜೇಮ್ಸ್ ಮನ್ರೋ ಅಧ್ಯಕ್ಷನಾದ ಮೇಲೆ, 1818ರ ಮಾರ್ಚ್ ತಿಂಗಳಲ್ಲಿ ಕಾನೂನಾಯಿತು. ಕೇಂದ್ರ ಸೈನ್ಯದಲ್ಲಿ ಕನಿಷ್ಠ ಒಂಬತ್ತು ತಿಂಗಳು ದುಡಿದು, ಈಗ ಬಡತನದಲ್ಲಿರುವ ಸಿಪಾಯಿಗೆ ತಿಂಗಳಿಗೆ 8 ಡಾಲರ್, ಅಧಿಕಾರಿಗೆ 20 ಡಾಲರ್. ಅರ್ಜಿಗಳು ಯಾರೂ ನಿರೀಕ್ಷಿಸದಷ್ಟು ಬಂದವು, ಅನುಕೂಲಸ್ಥರೂ ಬಡವರೆಂದು ಹೇಳಿಕೊಳ್ಳುತ್ತಿದ್ದಾರೆ ಎಂಬ ಗುಲ್ಲೆದ್ದಿತು. 1820ರಲ್ಲಿ ಇನ್ನೊಂದು ಕಾನೂನು ಬಂದು, ಪ್ರತಿಯೊಬ್ಬ ಮುದುಕನೂ ನ್ಯಾಯಾಲಯದಲ್ಲಿ ನಿಂತು ತನ್ನ ಆಸ್ತಿಯನ್ನೆಲ್ಲ ಪ್ರಮಾಣ ಮಾಡಿ ಪಟ್ಟಿ ಮಾಡಬೇಕೆಂದು ವಿಧಿಸಿತು.

ಆ ಪಟ್ಟಿಗಳಲ್ಲಿ ಒಂದು ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬವನದು. ಹದಿನೈದನೆಯ ವಯಸ್ಸಿಗೆ, 1776ರಲ್ಲಿ ಸೇನೆ ಸೇರಿದ ಹುಡುಗ ಅವನು. ಮರುವರ್ಷ ಯುದ್ಧ ಮುಗಿಯುವತನಕ ಎಂದು ಮತ್ತೆ ಸೇರಿ, ಮನ್ಮತ್ ಎಂಬ ಊರಿನ ಕದನದಲ್ಲಿ ಕಾದಾಡಿ, 1781ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಕಂದಕ ತೋಡುವ ಸುರಂಗಪಡೆಯಲ್ಲಿದ್ದು, ಕೊನೆಯವರೆಗೆ ಉಳಿದನು. ಅನಂತರ ಮೇಯ್ನ್ ಸೀಮೆಯಲ್ಲಿ ಪಾಳುಬಿದ್ದ ನೆಲವನ್ನು ಹಸನು ಮಾಡಿ ಬೇಸಾಯ ಹೂಡಿದನು. ಆ ನೆಲ ತನ್ನದೆಂದು ಹಕ್ಕು ಸಾಧಿಸಿದವನು ಅದೇ ಯುದ್ಧದ ಸೇನಾಪತಿಗಳಲ್ಲಿ ಒಬ್ಬನಾದ ಹೆನ್ರಿ ನಾಕ್ಸ್. ಕಾನೂನು ಸೇನಾಪತಿಯ ಪರವಾಗಿತ್ತು; ಸಿಪಾಯಿ ನೆಲದ ಬೆಲೆ ತೆರಲಾರದೆ, ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ಕಳೆದುಕೊಂಡನು. 1820ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತನಗೆ ಹೊಲವಿಲ್ಲ, ಮನೆಯಿಲ್ಲ, ಯಾವ ಆದಾಯವೂ ಇಲ್ಲ, ಉಟ್ಟ ಬಟ್ಟೆ ಹಾಸಿಗೆಗಳ ಹೊರತು ಇರುವುದು ಎರಡು ಹಸು, ಆರು ಕುರಿ, ಒಂದು ಹಂದಿ ಎಂದು ಬರೆಸಿದನು. ಹೆಂಡತಿ ಸಂಧಿವಾತದಿಂದ ನರಳುತ್ತಿದ್ದಳು, ತನಗೂ ದುಡಿಯುವ ಶಕ್ತಿ ಕುಂದಿತ್ತು. ಪಿಂಚಣಿ ಮಂಜೂರಾಯಿತು, ವರ್ಷಕ್ಕೆ 96 ಡಾಲರ್.

ಅಪ್ಪಾ, ಆ ಪಟ್ಟಿಯ ಸಾಲನ್ನು ನಾನು ಹಲವು ಸಲ ಓದಿದೆ. ಹರೆಯವನ್ನೆಲ್ಲ ದೇಶಕ್ಕೆ ಕೊಟ್ಟವನು ತನಗೆ ಸಲ್ಲಬೇಕಾದದ್ದನ್ನು ಕೇಳುವಾಗ, ಊರವರ ಎದುರಿನಲ್ಲಿ ತನ್ನ ಕುರಿಗಳನ್ನು ಎಣಿಸಿ ಹೇಳಬೇಕಾಗಿ ಬಂದುದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ. ಕೊಟ್ಟದ್ದು ಋಣವೆಂದು ತಿಳಿಯದೆ ದಾನವೆಂದು ತಿಳಿದುದರಿಂದಲೇ ಹೀಗಾಯಿತು. 1832ರ ಜೂನ್ ತಿಂಗಳ ಕಾನೂನು ಇದನ್ನು ಸರಿಪಡಿಸಿತು: ಬಡತನದ ಪ್ರಶ್ನೆಯನ್ನು ಕೈಬಿಟ್ಟು, ಎರಡು ವರ್ಷ ದುಡಿದವನಿಗೆ ಪೂರ್ಣ ವೇತನವನ್ನೂ, ಆರು ತಿಂಗಳಿಗೆ ಮೇಲ್ಪಟ್ಟು ದುಡಿದವನಿಗೆ ಅದಕ್ಕೆ ತಕ್ಕಷ್ಟನ್ನೂ, ಊರ ಕಾವಲು ಪಡೆಗಳಲ್ಲಿ ಇದ್ದವರಿಗೂ ಸೇರಿಸಿ, ಜೀವವಿರುವ ತನಕ ಕೊಡಬೇಕೆಂದಿತು. ಅಷ್ಟರಲ್ಲಿ ಯುದ್ಧ ಮುಗಿದು ಅರ್ಧ ಶತಮಾನವಾಗಿತ್ತು.

ಆಗ ಉಳಿದದ್ದು ಪುರಾವೆಯ ತೊಡಕು. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ದಾಖಲೆಗಳು ಉರಿದುಹೋಗಿದ್ದವು; 1814ರಲ್ಲಿ ಬ್ರಿಟಿಷರು ರಾಜಧಾನಿಗೇ ಬೆಂಕಿ ಇಟ್ಟಾಗ ಇನ್ನಷ್ಟು ಹೋದವು. ಕಾಗದ ಸರಕಾರದ ಬಳಿಯೇ ಇಲ್ಲದಿರುವಾಗ ಮುದುಕನ ಬಳಿ ಎಲ್ಲಿಂದ ಬರಬೇಕು? ಆದ್ದರಿಂದ ನ್ಯಾಯಾಧೀಶರು ಅವನ ನೆನಪನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳಬೇಕಾಯಿತು, ಅದಕ್ಕಾಗಿ ಯುದ್ಧ ಇಲಾಖೆ ಏಳು ಪ್ರಶ್ನೆಗಳನ್ನು ಗೊತ್ತುಮಾಡಿತು. ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯೇ? ಸೇನೆಗೆ ಕರೆ ಬಂದಾಗ ಎಲ್ಲಿ ವಾಸವಾಗಿದ್ದೆ, ಈಗ ಎಲ್ಲಿದ್ದೀಯೆ? ನೀನಾಗಿ ಸೇರಿದೆಯೋ, ಹೆಸರು ಎತ್ತಿ ಕಡ್ಡಾಯವಾಗಿ ಸೇರಿಸಿದರೋ, ಇನ್ನೊಬ್ಬನ ಬದಲಿಗೆ ಹೋದೆಯೋ? ನಿನ್ನ ದಳದ ಜೊತೆಗಿದ್ದ ಅಧಿಕಾರಿಗಳು ಯಾರು, ಯಾವ ಯಾವ ರೆಜಿಮೆಂಟುಗಳು ನೆನಪಿವೆ? ಬಿಡುಗಡೆಯ ಪತ್ರ ಕೊಟ್ಟಿದ್ದರೆ ಅದು ಏನಾಯಿತು? ನಿನ್ನ ಮಾತು ನಂಬತಕ್ಕದ್ದೆಂದು ಹೇಳಬಲ್ಲ ನೆರೆಹೊರೆಯವರು ಯಾರು? ಬರೆಯಲು ಬಾರದವರೂ ಇವಕ್ಕೆ ಉತ್ತರ ಹೇಳಿದರು, ಗುಮಾಸ್ತರು ಬರೆದುಕೊಂಡರು. ಆ ಸಿಪಾಯಿಗಳು ನಡೆದ ದಾರಿ, ಹಸಿದ ರಾತ್ರಿ, ಸತ್ತ ಗೆಳೆಯ, ಎಲ್ಲವೂ ಈ ಏಳು ಪ್ರಶ್ನೆಗಳ ದೆಸೆಯಿಂದಲೇ ಇಂದಿಗೂ ಓದಲು ಸಿಗುತ್ತಿವೆ.

ಎಲ್ಲರಿಗೂ ನ್ಯಾಯ ದೊರೆಯಲಿಲ್ಲ. ಜೆಹು ಗ್ರಾಂಟ್ ಎಂಬ ಕಪ್ಪು ಮನುಷ್ಯ, ಬ್ರಿಟಿಷರ ಪಕ್ಷದವನಾಗಿದ್ದ ಒಡೆಯನಿಂದ ತಪ್ಪಿಸಿಕೊಂಡು ಬಂದು, ಸೈನ್ಯದಲ್ಲಿ ಸುಮಾರು ಹತ್ತು ತಿಂಗಳು ದುಡಿದಿದ್ದನು; ಆಮೇಲೆ ಒಡೆಯನು ಬಂದು ಅವನನ್ನು ಹಿಂದಕ್ಕೆ ಒಯ್ದನು. ಮುಪ್ಪಿನಲ್ಲಿ ಅರ್ಜಿ ಹಾಕಿದಾಗ, ಓಡಿಬಂದ ಗುಲಾಮನಾಗಿ ಮಾಡಿದ ಸೇವೆ ಲೆಕ್ಕಕ್ಕೆ ಬಾರದು ಎಂದು ಕಚೇರಿ ಉತ್ತರಿಸಿತು. ದೃಷ್ಟಿ ಹೋದ ಮೇಲೂ, 1836ರಲ್ಲಿ, ಅವನು ಮತ್ತೊಮ್ಮೆ ಬರೆಸಿ ಕಳಿಸಿದನು. ಆಗಲೂ ಸಿಗಲಿಲ್ಲ. ಈ ಕಡತವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಅಜ್ಜಿಗೆ ಹೇಳಬೇಕಾದ ಮಾತು. ವಿಧವೆಯರಿಗೆ ಪಿಂಚಣಿಯ ದಾರಿ ಅಗಲವಾದದ್ದು 1836ರಲ್ಲಿ, ಆದರೆ ಗಂಡನ ಸೇವೆ ಮುಗಿಯುವ ಮೊದಲೇ ಮದುವೆಯಾಗಿತ್ತೆಂದು ತೋರಿಸಬೇಕಿತ್ತು. ಮದುವೆಯ ಕಾಗದವಿಲ್ಲದ ಮುದುಕಿಯರು, ಮಕ್ಕಳ ಹುಟ್ಟಿದ ದಿನಗಳನ್ನು ಬರೆದಿಟ್ಟ ಮನೆಯ ಬೈಬಲಿನ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಅಂಥ ಹಾಳೆಗಳು ಕಡತಗಳಲ್ಲಿ ಹಾಗೆಯೇ ಉಳಿದಿವೆ. ಸೇರಾ ಆಸ್ಬರ್ನ್ ಎಂಬಾಕೆ 1837ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಪ್ರಮಾಣ ಮಾಡಿ ಹೇಳಿಕೆ ಕೊಟ್ಟಳು. ಗಂಡನೊಡನೆ ಸೈನ್ಯದ ಹಿಂದೆಯೇ ನಡೆದು, ಸಿಪಾಯಿಗಳ ಬಟ್ಟೆ ಒಗೆದು, ಯಾರ್ಕ್‌ಟೌನಿನಲ್ಲಿ ಗುಂಡು ಹಾರುತ್ತಿರುವಾಗ ಕಂದಕದವರಿಗೆ ಮಾಂಸ, ರೊಟ್ಟಿ, ಕಾಫಿ ಹೊತ್ತುಕೊಂಡು ಹೋದವಳು ಆಕೆ. ಗುಂಡಿನ ಭಯವಿಲ್ಲವೇ ಎಂದು ಮಹಾಸೇನಾಪತಿ ಜಾರ್ಜ್ ವಾಷಿಂಗ್ಟನ್ನನೇ ಕೇಳಿದಾಗ, ಇವರು ಕಾದಾಡಬೇಕು, ಜೊತೆಗೆ ಹಸಿದೂ ಇರಬೇಕು ಎಂದರೆ ಆಗದು ಎಂದು ಉತ್ತರಿಸಿದೆನೆಂದು ಆಕೆ ಬರೆಸಿದ್ದಾಳೆ. ಆಕೆಗೆ ಪಿಂಚಣಿ ಸಿಕ್ಕಿತು.

ಆದ್ದರಿಂದ ನನ್ನದೊಂದು ಬಿನ್ನಹ. ಮುಂದಿನ ಅರ್ಜಿಗೆ ಮೊದಲು, ಒಂದು ಸಂಜೆ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಈ ಏಳು ಪ್ರಶ್ನೆಗಳನ್ನು ನಮ್ಮ ಸಂದರ್ಭಕ್ಕೆ ಹೊಂದಿಸಿ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿರಿ. ಮದುವೆಗೆ ಬಂದಿದ್ದವರಲ್ಲಿ ಈಗ ಯಾರು ಬದುಕಿದ್ದಾರೆ, ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದ್ದನ್ನು ಯಾರು ನೋಡಿದ್ದಾರೆ ಎಂಬುದನ್ನು ಅಜ್ಜಿಯಿಂದಲೇ ಕೇಳಿ ತಿಳಿಯಿರಿ. ಅಂಥ ಇಬ್ಬರು ಸಿಕ್ಕರೆ ನೋಟರಿಯವರ ಎದುರು ಅಫಿಡವಿಟ್ ಮಾಡಿಸಬಹುದು. ಡಿಸ್ಚಾರ್ಜ್ ಪುಸ್ತಕದ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸಿರಿ; ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ಅಜ್ಜ ಇನ್ನು ಒಬ್ಬರೇ ಬಸ್ಸಿನಲ್ಲಿ ಹೋಗುವುದು ಬೇಡ, ದಯವಿಟ್ಟು ಜೊತೆಗೆ ನೀವೂ ಹೋಗಿರಿ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ನಿಮ್ಮ ಮಗಳು