ಹೊಲದ ಅಂಚು ಯಾರದ್ದು, ಮಗಾ?

ಪ್ರೀತಿಯ ಮಗನಿಗೆ ದೊಡ್ಡಮ್ಮನ ವಂದನೆ.

ಭಾನುವಾರ ನೀನು ಫೋನಿನಲ್ಲಿ ಹೇಳಿದ ಮಾತು ಇಡೀ ವಾರ ನನ್ನ ತಲೆಯಲ್ಲೇ ಕೂತಿದೆ. ಬಡವರನ್ನು ನೋಡಿಕೊಳ್ಳುವುದು ಸಭೆಯ, ಅಂದರೆ ಚರ್ಚಿನ ಕೆಲಸ, ಸರ್ಕಾರದ್ದಲ್ಲ ಅಂದೆ. ಒಬ್ಬನ ಜೇಬಿನಿಂದ ತೆರಿಗೆ ತೆಗೆದು ಇನ್ನೊಬ್ಬನಿಗೆ ಕೊಟ್ಟರೆ ಅದು ದಾನ ಅಲ್ಲ, ಕಿತ್ತುಕೊಳ್ಳುವುದು ಅಂದೆ. ಟೆಕ್ಸಾಸ್‌ನಲ್ಲಿ ನಿನ್ನ ಸಭೆಯವರೆಲ್ಲ ಹಾಗೇ ಹೇಳುತ್ತಾರಂತೆ. ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಫೋನಿನಲ್ಲಿ ನನಗೆ ಮಾತು ಬೇಗ ಬರುವುದಿಲ್ಲ, ನಿನಗೆ ಗೊತ್ತಲ್ವಾ. ಅದಕ್ಕೇ ಬರೆಯಲು ಕೂತೆ.

ನೀನು ದಶಮಾಂಶ, ಅಂದರೆ ಗಳಿಕೆಯ ಹತ್ತರಲ್ಲಿ ಒಂದು ಪಾಲು ಸಭೆಗೆ ಕೊಡುವುದನ್ನು ತಪ್ಪಿಸುವುದಿಲ್ಲ, ಶನಿವಾರ ಹೋಗಿ ಊಟದ ಪೊಟ್ಟಣ ಹಂಚುತ್ತೀಯ. ಅದನ್ನು ಕೇಳಿದರೆ ನನ್ನ ಮನಸ್ಸು ತುಂಬುತ್ತದೆ. ಅದನ್ನು ಯಾವತ್ತೂ ಬಿಡಬೇಡ. ಆದರೆ ಅಷ್ಟೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬೈಬಲಿನಲ್ಲಿ ಯಾಜಕಕಾಂಡ 19ನೇ ಅಧ್ಯಾಯ ತೆಗೆದು ಓದು. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ದ್ರಾಕ್ಷಿ ತೋಟವನ್ನು ಪೂರ್ತಿ ಬರಿದು ಮಾಡಬೇಡ, ಅದು ಬಡವರಿಗೆ ಮತ್ತು ಪರದೇಶದವರಿಗೆ ಅಂತ ಇದೆ. ಮನಸ್ಸಿದ್ದರೆ ಬಿಡು ಅಂತ ದೇವರು ಹೇಳಲಿಲ್ಲ. ಅದು ಕಟ್ಟಳೆ. ಬಂದು ಆರಿಸುವವರು ಯಾರು, ಒಳ್ಳೆಯವರೋ ಕೆಟ್ಟವರೋ ಅಂತ ಹೊಲದ ಯಜಮಾನ ವಿಚಾರಿಸುವ ಹಾಗೂ ಇರಲಿಲ್ಲ. ಬೈಬಲಿನ ರೂತಳ ಪುಸ್ತಕ ನೋಡು. ರೂತಳು ಮೋವಾಬಿನವಳು, ಹೊರಗಿನವಳು, ಗಂಡನೂ ಇಲ್ಲ, ಬೋವಜನ ಹೊಲಕ್ಕೆ ತೆನೆ ಆರಿಸಲು ಬಂದಿದ್ದು ಈ ಕಟ್ಟಳೆಯ ಮೇಲೆ. ಬೋವಜ ಒಳ್ಳೆಯವನು, ಬೇಕೆಂದೇ ಅವಳಿಗಾಗಿ ಹೆಚ್ಚು ತೆನೆ ಬೀಳಿಸಿ ಹೋಗಿ ಅಂತ ಆಳುಗಳಿಗೆ ಹೇಳಿದ. ಆದರೆ ಅವನ ಒಳ್ಳೆಯತನ ಬಂದಿದ್ದು ಆಮೇಲೆ. ಅದಕ್ಕೂ ಮುಂಚೆ ಅವಳಿಗೆ ಹಕ್ಕು ಇತ್ತು. ನನಗೆ ಆ ಪುಸ್ತಕದಲ್ಲಿ ತುಂಬಾ ಹಿಡಿಸುವುದು ಇದೇ.

ಅದು ಹಳೇ ಕಾಲದ ಇಸ್ರಾಯೇಲಿನ ಮಾತು, ಇವತ್ತಿನ ಸರ್ಕಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ನೀನು ಕೇಳಬಹುದು. ಸರಿ, ಪ್ರವಾದಿ ದಾನಿಯೇಲನ ಪುಸ್ತಕದ 4ನೇ ಅಧ್ಯಾಯ ನೋಡು. ನೆಬೂಕದ್ನೆಚ್ಚರ ಬಾಬೆಲಿನ ದೊರೆ, ನಮ್ಮ ದೇವರನ್ನು ಅರಿಯದವನು. ಅವನಿಗೆ ದಾನಿಯೇಲ ಹೇಳಿದ ಬುದ್ಧಿ ಏನು? ನ್ಯಾಯವಾಗಿ ನಡೆ, ಬಡವರಿಗೆ ಕರುಣೆ ತೋರಿಸು. ಅದು ನಿನ್ನ ಕೆಲಸ ಅಲ್ಲ, ನಮ್ಮ ಜನ ನೋಡಿಕೊಳ್ಳುತ್ತಾರೆ ಅನ್ನಲಿಲ್ಲ.

ಈಗ ನಮ್ಮ ಮನೆಯ ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದರು, ಇದ್ದ ಕಸುಬು ಹೋಯಿತು. ಮಿಶನ್‌ನವರು ಬರೀ ಗಂಜಿ ಹಾಕಿ ಸುಮ್ನೆ ಕೂರಲಿಲ್ಲ, ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜ ದುಡಿದದ್ದು ಜೆಪ್ಪುವಿನ ಆ ಕಾರ್ಖಾನೆಯಲ್ಲೇ. ಆದರೆ ಮೊದಲ ಮಹಾಯುದ್ಧ ಬಂತು. ಮಿಶನ್‌ನಲ್ಲಿ ಜರ್ಮನ್ನರು ಇದ್ದರು ಅಂತ ಬ್ರಿಟಿಷರು ಅವರನ್ನು ಹಿಡಿದಿಟ್ಟರು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಎಷ್ಟೋ ಮನೆಗಳ ಬದುಕು ಆ ಒಂದು ಮಿಶನ್ ಮೇಲೆ ನಿಂತಿತ್ತು. ಅದು ಅಲುಗಾಡಿದಾಗ ಅವರಿಗೆ ಹಿಡಿದುಕೊಳ್ಳಲು ಬೇರೆ ಏನಿತ್ತು ಹೇಳು?

ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಬೆಳಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳು ತಲೆ ಸುತ್ತಿ ಬೀಳುತ್ತಿದ್ದರು. ಹೊಟ್ಟೆಗೆ ಏನೂ ಇರುತ್ತಿರಲಿಲ್ಲ. ನಾವು ಟೀಚರುಗಳು ಬುತ್ತಿಯಲ್ಲಿ ಒಂದೆರಡು ದೋಸೆ ಜಾಸ್ತಿ ತರುತ್ತಿದ್ದೆವು. ಎಷ್ಟು ಮಕ್ಕಳಿಗೆ ಸಾಕು ಅದು? ಸಭೆಯಿಂದಲೂ ಆಗಾಗ ಸಹಾಯ ಸಿಗುತ್ತಿತ್ತು, ಕ್ರಿಸ್ಮಸ್ ಹತ್ತಿರ ಬಂದಾಗ ಜಾಸ್ತಿ, ಜೂನ್ ಜುಲೈಯ ಮಳೆಯಲ್ಲಿ ಕಡಿಮೆ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿತು. 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಆಮೇಲೆ ನಮ್ಮ ಕಡೆಗೂ ಬಂತು. ಮೊದಲ ದಿನ ಅನ್ನ ಸಾಂಬಾರು ಬಡಿಸುವಾಗ ಒಬ್ಬ ಹುಡುಗ ನನ್ನ ಕೈ ಹಿಡಿದು, ನಾಳೆಯೂ ಇದೆಯಾ ಟೀಚರ್ ಅಂತ ಕೇಳಿದ. ಇದೆ ಅಂದೆ. ನನ್ನ ದೋಸೆಯ ಬಗ್ಗೆ ನಾನು ಯಾವತ್ತೂ ಹಾಗೆ ಮಾತು ಕೊಡಲು ಆಗಿರಲಿಲ್ಲ.

ಇನ್ನೊಂದು ವಿಷಯ, ಹೇಳಲು ಸಂಕಟವಾಗುತ್ತದೆ. ಹಿಂದೆ ಒಂದು ಮಳೆಗಾಲದಲ್ಲಿ ಒಂದು ಸಭೆಯವರು ಅಕ್ಕಿ ಹಂಚಲು ಪಟ್ಟಿ ಮಾಡಿದರು. ನಮ್ಮ ಪಕ್ಕದ ಮನೆಯ ಅಜ್ಜಿ ಬೀಡಿ ಕಟ್ಟುವವರು, ಕ್ರೈಸ್ತರಲ್ಲ. ಅವರ ಹೆಸರು ನಾನು ಹೇಳಿದೆ. ಮೊದಲು ನಮ್ಮವರಿಗೆ ಆಗಲಿ ಅಂದರು. ಅಜ್ಜಿಯ ಹೆಸರು ಕೊನೆಗೂ ಪಟ್ಟಿಗೆ ಬರಲಿಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲೂ ಹೀಗೇ ಆಗಿತ್ತು, ಅಪೊಸ್ತಲರ ಕೃತ್ಯ 6ರಲ್ಲಿ ಇದೆಯಲ್ಲ, ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಟ್ಟಿದ್ದರು. ಯೇಸುವಿನ ಶಿಷ್ಯರಾದ ಅಪೊಸ್ತಲರೇ ಇದ್ದ ಸಭೆಯಲ್ಲಿ ಹಾಗಾದರೆ ನಮ್ಮದೇನು ಕತೆ? ಅದಕ್ಕೇ ಅವರು ಏಳು ಜನರನ್ನು ನೇಮಿಸಿ ಒಂದು ವ್ಯವಸ್ಥೆ ಮಾಡಿದರು. ಅಜ್ಜಿಗೆ ಇವತ್ತು ಅಕ್ಕಿ ಸಿಗುತ್ತಿರುವುದು 2013ರ ಆಹಾರ ಭದ್ರತಾ ಕಾಯ್ದೆಯಿಂದ. ಅಲ್ಲಿ ಯಾರೂ ನೀವು ಯಾವ ಸಭೆ ಅಂತ ಕೇಳುವುದಿಲ್ಲ.

ಕೆಲಸ ಮಾಡದವನು ಊಟ ಮಾಡಬಾರದು ಅಂತ ಅಪೊಸ್ತಲ ಪೌಲ ಹೇಳಿದ್ದನ್ನೂ ಫೋನಿನಲ್ಲಿ ನೀನು ತೆಗೆದೆ. ನಮ್ಮ ಕನ್ನಡ ಬೈಬಲಿನಲ್ಲಿ ಇರುವುದು ‘ಕೆಲಸ ಮಾಡಲೊಲ್ಲದವನು’ ಅಂತ. ಒಲ್ಲದವನು, ಮಗಾ. ಕೆಲಸ ಸಿಗದವನಲ್ಲ, ಮೈಯಲ್ಲಿ ಶಕ್ತಿ ಇಲ್ಲದವನಲ್ಲ. ಆ ಒಂದು ಪದವನ್ನು ಬಿಟ್ಟು ವಚನ ಹೇಳಬೇಡ.

ನೀನಿರುವ ದೇಶದಲ್ಲೇ ಫ್ರಾನ್ಸಿಸ್ ಪರ್ಕಿನ್ಸ್ ಅಂತ ಒಬ್ಬ ಹೆಣ್ಣುಮಗಳು ಇದ್ದರು, ಎಪಿಸ್ಕೋಪಲ್ ಸಭೆಯವರು, ತುಂಬಾ ಪ್ರಾರ್ಥನೆಯ ಮನುಷ್ಯೆ. 1911ರಲ್ಲಿ ನ್ಯೂಯಾರ್ಕಿನ ಒಂದು ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು, ಹೆಚ್ಚಿನವರು ಎಳೆ ಹುಡುಗಿಯರು. ಜನ ಕಿಟಕಿಯಿಂದ ಹಾರುವುದನ್ನು ಆಕೆ ಕಣ್ಣಾರೆ ಕಂಡರು. ಮುಂದೆ ಆಕೆಯೇ ಕಾರ್ಮಿಕ ಮಂತ್ರಿಯಾದರು, ಅಲ್ಲಿ ಮಂತ್ರಿಯಾದ ಮೊದಲ ಹೆಂಗಸು. 1935ರಲ್ಲಿ ಮುದುಕರಿಗೆ ಪಿಂಚಣಿ, ಕೆಲಸ ಹೋದವರಿಗೆ ಆಸರೆ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಾನೂನು ಬಂದಿದ್ದರ ಹಿಂದೆ ಆಕೆಯ ದುಡಿಮೆ ಇದೆ. ನಂಬಿಕೆಯನ್ನು ಮನೆಯಲ್ಲಿಟ್ಟು ಅವರು ಕಚೇರಿಗೆ ಹೋಗಲಿಲ್ಲ. ನಿನ್ನ ಸಭೆಯಲ್ಲಿ ಇವರ ಬಗ್ಗೆ ಯಾರಾದರೂ ಮಾತಾಡುತ್ತಾರಾ, ಕೇಳಿ ನೋಡು.

ಹಾಗಂತ ಸರ್ಕಾರದಿಂದ ಎಲ್ಲ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬೀಡಿ ಕಟ್ಟಿ ಕಟ್ಟಿ ಅಜ್ಜಿಯ ಬೆರಳಿನ ಗೆರೆ ಸವೆದು ಹೋಗಿದೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ. ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದರು, ಬಂದು ಏನೂ ಹೇಳದೆ ಒಲೆ ಹಚ್ಚದೆ ಮಲಗಿದರು. ಹಕ್ಕು ಕಾಗದದಲ್ಲಿದೆ, ಅಕ್ಕಿ ಅಂಗಡಿಯಲ್ಲಿದೆ, ನಡುವೆ ಒಬ್ಬ ಮನುಷ್ಯ ಬೇಕು. ಈಗ ನಾನು ಪ್ರತಿ ತಿಂಗಳು ಜೊತೆಗೆ ಹೋಗುತ್ತೇನೆ, ಯಂತ್ರ ಒಪ್ಪದಿದ್ದರೆ ಅಲ್ಲೇ ನಿಂತು ಕೇಳುತ್ತೇನೆ. ನಮ್ಮ ಸಭೆಯ ಯುವಜನರಿಗೂ ಇದನ್ನೇ ಮಾಡಿ ಅಂತ ಹೇಳಿದ್ದೇನೆ, ಇಬ್ಬರು ಬರುತ್ತಿದ್ದಾರೆ.

ಡಿಸೆಂಬರಿನಲ್ಲಿ ನೀನು ಬಂದಾಗ ನನ್ನ ಮಂಡಿ ನೋವು ಹೇಗಿರುತ್ತೋ ಏನೋ. ಆ ತಿಂಗಳು ಅಜ್ಜಿಯ ಜೊತೆ ನೀನೇ ಹೋಗು. ಚೀಲ ಬಾಗಿಲ ಹಿಂದೆ ನೇತುಹಾಕಿರುತ್ತೇನೆ. ಸ್ವಲ್ಪ ಬೇಗ ಹೊರಡಬೇಕು, ಸಾಲು ಉದ್ದ ಇರುತ್ತದೆ.

ನಿನ್ನ ದೊಡ್ಡಮ್ಮ