ಗ್ರೂಪಿನಲ್ಲಿ ಬಂದ ಎಡಿಸನ್ ಕಥೆ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನದಂದು ನಮ್ಮ ಶಾಲೆಯಲ್ಲಿ ನಡೆಯುವ ವಸ್ತುಪ್ರದರ್ಶನಕ್ಕೆ ನಿಮ್ಮನ್ನು ಕರೆಯಲು ನಾಲ್ಕು ಸಾಲು ಬರೆಯೋಣ ಎಂದು ಕುಳಿತಿದ್ದೆ. ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಎಡಿಸನ್ ಕಥೆ ಬಂತು. ಒಂದೇ ದಿನ ಐದು ಜನ ಅದನ್ನೇ ಹಾಕಿದ್ದೀರಿ. ಫೆಬ್ರವರಿ 11 ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ ದಿನ. ಹೀಗಾಗಿ ಪ್ರತಿ ವರ್ಷ ಈ ಹೊತ್ತಿಗೆ ಅದು ಒಂದು ಸುತ್ತು ಹೊಡೆಯುತ್ತದೆ. ಅದರ ಬಗ್ಗೆ ಹೇಳಲು ಹೋಗಿ ಪತ್ರ ಉದ್ದವಾಗಿದೆ. ಅಡಿಕೆ ಸುಲಿತ ಮುಗಿಸಿದ ಮನೆಯವರು ಈಗಲೇ ಓದಿ, ಉಳಿದವರು ಕೈ ಬಿಡುವಾದಾಗ ಓದಿ.

ಕಥೆ ನಿಮಗೆ ಗೊತ್ತಿರುವುದೇ. ಬಾಲಕ ಎಡಿಸನ್ ಶಾಲೆಯಿಂದ ಒಂದು ಲಕೋಟೆ ತರುತ್ತಾನೆ. ತಾಯಿ ಅದನ್ನು ಬಿಡಿಸಿ, ಕಣ್ಣು ಒರೆಸಿಕೊಂಡು, "ನಿಮ್ಮ ಮಗ ಮಹಾ ಪ್ರತಿಭಾವಂತ, ಅವನಿಗೆ ಕಲಿಸುವ ಯೋಗ್ಯತೆ ನಮ್ಮ ಶಾಲೆಗಿಲ್ಲ" ಎಂದು ಗಟ್ಟಿಯಾಗಿ ಓದುತ್ತಾಳೆ. ಅವಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಬೀರುವಿನಲ್ಲಿ ಆ ಪತ್ರ ಮಗನ ಕೈಗೆ ಸಿಗುತ್ತದೆ. ಅದರಲ್ಲಿ ಇದ್ದದ್ದು ಬೇರೆ: ನಿಮ್ಮ ಮಗ ಬುದ್ಧಿಮಾಂದ್ಯ, ನಾಳೆಯಿಂದ ಕಳುಹಿಸಬೇಡಿ.

ಈ ಕಥೆಯ ಖಳನಾಯಕ ಮುಖ್ಯ ಶಿಕ್ಷಕ ಎಂಬುದನ್ನು ಗಮನಿಸಿದ್ದೇನೆ. ಬೇಸರವಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾನೇ ಇದನ್ನು ಎಷ್ಟೋ ವರ್ಷ ಹೇಳಿದ್ದೇನೆ, ತಾಯಿ ಅಳುವ ಜಾಗದಲ್ಲಿ ಧ್ವನಿಯನ್ನೂ ಸ್ವಲ್ಪ ಇಳಿಸಿದ್ದೇನೆ. ಈ ಸಲ ಹೇಳಿ ಮುಗಿಸಿದಾಗ ಎಂಟನೇ ತರಗತಿಯ ಒಬ್ಬ ಹುಡುಗಿ ಕೈ ಎತ್ತಿ, "ಸರ್, ಆ ಪತ್ರ ಈಗ ಯಾವ ಮ್ಯೂಸಿಯಂನಲ್ಲಿದೆ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ನಾಳೆ ಎಂಬುದು ನಾಲ್ಕು ರಾತ್ರಿ ಆಯಿತು. ಎಡಿಸನ್ ಬಿಟ್ಟುಹೋದ ಕಾಗದಪತ್ರಗಳು ಸುಮಾರು 50 ಲಕ್ಷ ಪುಟ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ದಶಕಗಳಿಂದ ಅವನ್ನು ಜೋಡಿಸಿ ಪ್ರಕಟಿಸುತ್ತಿದ್ದಾರೆ. ಅಂಗಡಿ ಬಿಲ್ಲಿನಿಂದ ಹಿಡಿದು ಪ್ರಯೋಗದ ಟಿಪ್ಪಣಿಯವರೆಗೆ ಎಲ್ಲ ಇದೆ. ಈ ಪತ್ರ ಮಾತ್ರ ಇಲ್ಲ. ಅದು ಕಟ್ಟುಕಥೆ.

ನಿಜವಾಗಿ ನಡೆದದ್ದನ್ನು ಎಡಿಸನ್ ತಮ್ಮ ಇಳಿವಯಸ್ಸಿನಲ್ಲಿ ತಾವೇ ಹೇಳಿಕೊಂಡಿದ್ದಾರೆ. ಹುಟ್ಟಿದ್ದು 1847ರಲ್ಲಿ ಒಹಾಯೊ ರಾಜ್ಯದ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ಏಳನೇ ವಯಸ್ಸಿಗೆ ಕುಟುಂಬ ಮಿಷಿಗನ್‌ನ ಪೋರ್ಟ್ ಹ್ಯುರಾನ್‌ಗೆ ಹೋಯಿತು. ಅಲ್ಲಿಯ ಶಾಲೆಯಲ್ಲಿ ಅವರು ಕುಳಿತದ್ದು ಕೆಲವೇ ತಿಂಗಳು. ಒಂದು ದಿನ ಶಿಕ್ಷಕರು ಇನ್‌ಸ್ಪೆಕ್ಟರ ಎದುರು, ಈ ಹುಡುಗನ ತಲೆ ನೆಟ್ಟಗಿಲ್ಲ, ಇವನನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎಂಬ ಅರ್ಥದಲ್ಲಿ ಮಾತನಾಡಿದ್ದು ಹುಡುಗನ ಕಿವಿಗೆ ಬಿತ್ತು. ಅಳುತ್ತ ಮನೆಗೆ ಹೋದ. ತಾಯಿ ನ್ಯಾನ್ಸಿ ಮದುವೆಗೆ ಮೊದಲು ಶಿಕ್ಷಕಿಯಾಗಿದ್ದವರು. ಮಗನ ಕೈ ಹಿಡಿದುಕೊಂಡು ನೇರ ಶಾಲೆಗೆ ಬಂದು, ಆ ಶಿಕ್ಷಕರಿಗೆ ನಿಮಗಿಂತ ಇವನಿಗೇ ಬುದ್ಧಿ ಹೆಚ್ಚಿದೆ ಎಂದು ಮುಖದ ಮೇಲೆ ಹೇಳಿ, ಹುಡುಗನನ್ನು ಬಿಡಿಸಿಕೊಂಡು ಹೋದರು.

ಎಲ್ಲಿಯೂ ಗುಟ್ಟಿಲ್ಲ. ಶಿಕ್ಷಕರು ಏನೆಂದರು ಎಂಬುದು ಹುಡುಗನಿಗೆ ಗೊತ್ತು, ತಾಯಿಗೂ ಗೊತ್ತು. ಆಮೇಲೆ ನಡೆದದ್ದನ್ನು ಗ್ರೂಪಿನ ಕಥೆ ಒಂದು ಸಾಲಿನಲ್ಲಿ ಮುಗಿಸುತ್ತದೆ, ಕಷ್ಟದ ಭಾಗ ಇರುವುದೇ ಅಲ್ಲಿ. ನ್ಯಾನ್ಸಿ ದಿನವೂ ಕುಳಿತು ಓದಿಸಿದರು. ಒಂಬತ್ತನೇ ವಯಸ್ಸಿನ ಹೊತ್ತಿಗೆ ಮನೆಯಲ್ಲೇ ಮಾಡಬಹುದಾದ ಪ್ರಯೋಗಗಳಿರುವ ಒಂದು ವಿಜ್ಞಾನದ ಪುಸ್ತಕ ಕೊಟ್ಟರು. ಹುಡುಗ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದ. ನೆಲಮಾಳಿಗೆಯಲ್ಲಿ ಸೀಸೆಗಳ ಸಾಲು ಬೆಳೆಯಿತು. ಯಾರೂ ಮುಟ್ಟದಿರಲಿ ಎಂದು ಎಲ್ಲದರ ಮೇಲೂ "ವಿಷ" ಎಂದು ಚೀಟಿ ಅಂಟಿಸಿದ್ದನಂತೆ. ಮನೆಯಿಡೀ ನಾತ ಬಂದರೂ ಆ ತಾಯಿ ಸಹಿಸಿಕೊಂಡರು.

ಹನ್ನೆರಡನೇ ವಯಸ್ಸಿಗೆ ರೈಲು ಹತ್ತಿದ. ನಮ್ಮ ತಾಳಗುಪ್ಪ ರೈಲಿನಲ್ಲಿ ಕಡಲೆಕಾಯಿ ಮಾರುವವರ ಹಾಗೆ ಪೋರ್ಟ್ ಹ್ಯುರಾನ್ ಮತ್ತು ಡೆಟ್ರಾಯಿಟ್ ನಡುವೆ ಸುಮಾರು 100 ಕಿಲೋಮೀಟರ್ ದಿನವೂ ಓಡಾಡುತ್ತ ಪೇಪರು, ಮಿಠಾಯಿ ಮಾರಿದ. ರೈಲಿನ ಸಾಮಾನು ಬೋಗಿಯಲ್ಲೇ ಪ್ರಯೋಗಶಾಲೆ ಇಟ್ಟುಕೊಂಡು, ಅಲ್ಲೇ ಸ್ವಂತ ಪತ್ರಿಕೆ ಅಚ್ಚು ಹಾಕಿ, ಕೊನೆಗೆ ರಾಸಾಯನಿಕದಿಂದ ಬೆಂಕಿ ಹತ್ತಿಸಿ ಬೈಸಿಕೊಂಡು ಇಳಿದ.

ಇಲ್ಲಿ ಒಂದು ಸಂಗತಿಯ ಬಳಿ ಸ್ವಲ್ಪ ನಿಲ್ಲುತ್ತೇನೆ. ಆ ವಯಸ್ಸಿಗಾಗಲೇ ಎಡಿಸನ್‌ಗೆ ಕಿವಿ ಮಂದವಾಗಿತ್ತು, ಮುಂದೆ ಅದು ಹೆಚ್ಚುತ್ತಲೇ ಹೋಯಿತು. ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಮೊದಲ ಯಂತ್ರವನ್ನು, ಫೋನೋಗ್ರಾಫನ್ನು, 1877ರಲ್ಲಿ ಮಾಡಿದ್ದು ಹೀಗೆ ಕಿವಿ ಕೇಳಿಸದ ಮನುಷ್ಯ. ಸಣ್ಣ ಸ್ವರಗಳು ತಿಳಿಯಬೇಕೆಂದರೆ ಅವರು ಪೆಟ್ಟಿಗೆಯ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದರು; ಕಂಪನ ದವಡೆಯ ಮೂಳೆಯ ಮೂಲಕ ಒಳಗೆ ಹೋಗುತ್ತಿತ್ತು. ಅವರ ಒಂದು ಫೋನೋಗ್ರಾಫಿನ ಮೇಲೆ ಹಲ್ಲಿನ ಗುರುತುಗಳು ಇಂದಿಗೂ ಇವೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಬೇರೊಂದು ಶಾಲೆಯಲ್ಲಿ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕರೆದರೆ ಓಗೊಡುತ್ತಿರಲಿಲ್ಲ, ಉಕ್ತಲೇಖನದಲ್ಲಿ ಅರ್ಧ ಪದ ಬಿಡುತ್ತಿದ್ದಳು. ನಾನು ಮಾತನಾಡುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಬೋರ್ಡಿನ ಕಡೆ ತಿರುಗಿದರೆ ಕಿಟಕಿ ನೋಡುತ್ತಿದ್ದಳು. ಹಂಚಿನ ಮೇಲೆ ಆಷಾಢದ ಮಳೆ ಬೀಳುವಾಗ ಇಡೀ ತರಗತಿಯೇ ಹಾಗೆ ನನ್ನ ಬಾಯಿ ನೋಡುತ್ತದೆ, ನಿಮಗೂ ಗೊತ್ತು. ಅವಳು ಬೇಸಿಗೆಯಲ್ಲೂ ಹಾಗೇ ಇದ್ದಾಳೆ ಎಂಬುದು ನನಗೆ ಹೊಳೆಯಲಿಲ್ಲ. ಪ್ರಗತಿಪತ್ರದಲ್ಲಿ "ಪಾಠದಲ್ಲಿ ಲಕ್ಷ್ಯವಿಲ್ಲ" ಎಂದು ಎರಡು ಸಲ ಬರೆದೆ. ಎರಡನೇ ಸಲ ಅವಳ ತಾಯಿ ತೋಟದ ಕೆಲಸ ಬಿಟ್ಟು, ಸೊಪ್ಪಿನ ಕತ್ತಿ ಸೊಂಟದಲ್ಲಿದ್ದ ಹಾಗೇ ಬಂದು ಬಾಗಿಲಲ್ಲಿ ನಿಂತರು. "ಅವಳ ಬಲಗಿವಿ ಸೋರುತ್ತದೆ ಸರ್. ಬಲಗಡೆ ಗೋಡೆ ಪಕ್ಕ ಕೂರಿಸಿ ನೋಡಿ, ಎಡಗಿವಿ ನಿಮ್ಮ ಕಡೆಗಿರುತ್ತದೆ" ಎಂದರು. ಅಷ್ಟೇ. ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಎಡಿಸನ್ ಮನೆಯ ಪತ್ರ ಯಾವ ಮ್ಯೂಸಿಯಂನಲ್ಲೂ ಇಲ್ಲ. ನನ್ನ ಕೈಬರಹದ ಆ ಪ್ರಗತಿಪತ್ರ ಮಾತ್ರ ಒಂದು ಮನೆಯ ಟ್ರಂಕಿನಲ್ಲಿ ಇದ್ದೀತು.

ಈ ವಿಷಯವನ್ನು ನಮ್ಮ ಶಿಕ್ಷಕರ ಸಭೆಯಲ್ಲಿ ಇಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಶಿಕ್ಷಕರ ಕೊಠಡಿಯಲ್ಲಿ ನಾವೂ ಆಡಿಕೊಳ್ಳುವುದುಂಟು, ಮುಚ್ಚಿಡುವುದಿಲ್ಲ. ಇನ್ನು ಮುಂದೆ ಪ್ರಗತಿಪತ್ರದಲ್ಲಿ ಮಂದ, ದಡ್ಡ, ಲಕ್ಷ್ಯವಿಲ್ಲ ಎಂಬ ಪದಗಳು ಬರುವುದಿಲ್ಲ. ಹಾಗೆಂದು "ಮಹಾ ಪ್ರತಿಭಾವಂತ" ಎಂದೂ ಬರೆಯುವುದಿಲ್ಲ. ಭಿನ್ನರಾಶಿ ಕೂಡಿಸಲು ಬರುತ್ತದೆ, ಭಾಗಿಸಲು ಬರುವುದಿಲ್ಲ ಎಂಬಂತೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇವೆ. ಅದು ತಪ್ಪು ಎನಿಸಿದರೆ ಗ್ರೂಪಿನಲ್ಲಿ ಹಾಕಬೇಡಿ, ನ್ಯಾನ್ಸಿಯವರ ಹಾಗೆ ನೇರ ಬಂದು ಮಾತನಾಡಿ. ಸಂಜೆ ನಾಲ್ಕೂವರೆಯ ಮೇಲೆ ನಾನು ಶಾಲೆಯಲ್ಲೇ ಇರುತ್ತೇನೆ. ಇನ್ನೊಂದು ಮಾತು: ಆರೋಗ್ಯ ಇಲಾಖೆಯ ತಂಡ ಮಕ್ಕಳ ತಪಾಸಣೆಗೆ ಬರುವ ದಿನ ಯಾವ ಮಗುವನ್ನೂ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕಿವಿ ಸೋರಿದರೆ ಬಿಸಿ ಎಣ್ಣೆ ಬಿಡುವುದನ್ನು ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಇನ್ನು ಬಲ್ಬಿನ ವಿಷಯ. ಕೆಲವು ಮನೆಗಳ ಬಚ್ಚಲ ಒಲೆಯಲ್ಲಿ ಸುಟ್ಟು ಕರಕಲಾದ ಮುಲಾಮಿನ ಡಬ್ಬಿಗಳು ಸಿಕ್ಕಿವೆ ಎಂದು ದೂರು ಬಂದಿದೆ. ಅದು ನಮ್ಮದೇ ಕೆಲಸ. 1879ರ ಅಕ್ಟೋಬರ್‌ನಲ್ಲಿ ಎಡಿಸನ್ ಮತ್ತು ಸಂಗಡಿಗರು ಮೆನ್ಲೊ ಪಾರ್ಕ್‌ನ ಪ್ರಯೋಗಾಲಯದಲ್ಲಿ ಹತ್ತಿಯ ದಾರವನ್ನು ಸುಟ್ಟು ಇದ್ದಿಲಾಗಿಸಿ, ಗಾಳಿ ತೆಗೆದ ಗಾಜಿನ ಬುರುಡೆಯೊಳಗಿಟ್ಟು ವಿದ್ಯುತ್ ಹಾಯಿಸಿದಾಗ ಅದು ಹದಿಮೂರು ತಾಸಿಗೂ ಹೆಚ್ಚು ಉರಿಯಿತು. ಮುಂದೆ ನೂರಾರು ಬಗೆಯ ನಾರುಗಳನ್ನು ನೋಡಿದ ಮೇಲೆ ಒಳ್ಳೆಯದು ಎಂದು ಕಂಡದ್ದು ಬಿದಿರು. ಜಪಾನಿನ ಕ್ಯೋಟೋ ಹತ್ತಿರದ ಬಿದಿರಿನ ಎಳೆ ಸಾವಿರ ತಾಸನ್ನೂ ದಾಟಿ ಬೆಳಗಿತು. ಬಿದಿರು ಎಂದು ಕೇಳಿದ್ದೇ ತಡ, ಒಂಬತ್ತನೇ ತರಗತಿಯವರು ಹಿತ್ತಲಿನ ಮೆಳೆಗೆ ನುಗ್ಗಿದರು. ಸೀಳನ್ನು ದಾರದಷ್ಟು ಸಣ್ಣಗೆ ಹೆರೆದು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಯಲ್ಲಿಟ್ಟು, ಹಂಡೆಯ ಕೆಳಗಿನ ಕೆಂಡದಲ್ಲಿ ಹುಗಿದರು. ತೂತು ಬೇಕೇ ಬೇಕು, ಇಲ್ಲದಿದ್ದರೆ ಒಳಗಿನ ಹೊಗೆಗೆ ಡಬ್ಬಿ ಸಿಡಿಯುತ್ತದೆ. ಮರುದಿನ ಬಿಚ್ಚಿದರೆ ಕಪ್ಪಗೆ ಮಿರುಗುವ ಎಳೆ, ಮುಟ್ಟಿದ್ದೇ ಪುಡಿ. ಹದಿನೇಳು ಡಬ್ಬಿಯಲ್ಲಿ ಎರಡು ಎಳೆ ಉಳಿದವು. ಶಿಕ್ಷಕರ ಎದುರಿನಲ್ಲೇ ಅದನ್ನು ಬೈಕಿನ ಹಳೆಯ ಬ್ಯಾಟರಿಗೆ ಜೋಡಿಸಿ, ಗಾಜಿನ ಸೀಸೆ ಬೋರಲು ಹಾಕಿದೆವು. ಒಂದು ಉರಿಯಲೇ ಇಲ್ಲ. ಇನ್ನೊಂದು ನಸುಗೆಂಪಾಗಿ ಕಣ್ಣು ಬಿಟ್ಟು, ಹೊಗೆಯಾಡಿ, ಕಡಿಯಿತು. ಪೆನ್ಸಿಲ್ಲಿನ ಸಣ್ಣ ಕಡ್ಡಿಯೇ ಇದಕ್ಕಿಂತ ಚೆನ್ನಾಗಿ ಬೆಳಗಿತು. ಸೀಸೆಯಲ್ಲಿ ಗಾಳಿ ಇದ್ದದ್ದೇ ಕಾರಣ ಎಂದು ಯಾರೂ ಹೇಳಿಕೊಡದೆ ಮಕ್ಕಳೇ ಕಂಡುಕೊಂಡರು. ಗಾಳಿ ತೆಗೆಯುವುದು ಹೇಗೆ ಎಂಬ ಜಗಳ ಇನ್ನೂ ನಡೆದಿದೆ. ಸೈಕಲ್ ಪಂಪನ್ನು ತಿರುವುಮುರುವು ಮಾಡಲು ಹೋಗಿ ಒಂದು ಪಂಪು ಹಾಳಾಗಿದೆ. ಅದರ ದುಡ್ಡನ್ನು ನಾನು ಕೊಡುತ್ತೇನೆ.

ಬಿದಿರಿನ ಬಗ್ಗೆಯೇ ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. ಇನ್ನೂ ಒಳ್ಳೆಯ ನಾರು ಹುಡುಕಲು ಎಡಿಸನ್ 1888ರಲ್ಲಿ ಜೇಮ್ಸ್ ರಿಕಾಲ್ಟನ್ ಎಂಬವರನ್ನು ಪೂರ್ವದೇಶಗಳ ಕಾಡುಗಳಿಗೆ ಕಳುಹಿಸಿದರು. ರಿಕಾಲ್ಟನ್ ನ್ಯೂಜೆರ್ಸಿಯ ಒಂದು ಊರಿನ ಶಾಲೆಯ ಮುಖ್ಯ ಶಿಕ್ಷಕರು! ಸಿಂಹಳ, ಭಾರತ, ಬರ್ಮಾ ಸುತ್ತಿ, ಕಟ್ಟುಗಟ್ಟಲೆ ಮಾದರಿ ಹೊತ್ತುಕೊಂಡು ವರ್ಷದ ಮೇಲೆ ಹಿಂದಿರುಗಿದರು. ಅಷ್ಟರಲ್ಲಿ ಕೃತಕ ಎಳೆ ಬಂದು ಬಿದಿರಿನ ಕಾಲವೇ ಮುಗಿಯುತ್ತ ಬಂದಿತ್ತು. ಆಗುಂಬೆ ಘಾಟಿ ಹತ್ತಿ ಬಂದಿದ್ದರೆ ಕಳಲೆ ಪಲ್ಯವನ್ನಾದರೂ ಉಂಡು ಹೋಗುತ್ತಿದ್ದರು. ನನಗೆ ಅಂಥ ಆದೇಶ ಯಾವ ಇಲಾಖೆಯಿಂದಲೂ ಬರುವ ಲಕ್ಷಣವಿಲ್ಲ.

ಎಡಿಸನ್ ಒಬ್ಬರೇ ಬಲ್ಬು ಕಂಡುಹಿಡಿದರು ಎಂದು ಮಕ್ಕಳು ಚಾರ್ಟಿನಲ್ಲಿ ಬರೆದಿದ್ದರು, ತಿದ್ದಿಸಿದ್ದೇನೆ. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅದೇ ಹೊತ್ತಿಗೆ ಬಲ್ಬು ಬೆಳಗಿಸಿದ್ದರು; ಎಡಿಸನ್ ಹತ್ತಿರವೂ ಗಾಜು ಊದುವವರು, ಲೆಕ್ಕ ಹಾಕುವವರು, ಲೇತಿನ ಕೆಲಸದವರು ಸೇರಿ ಒಂದು ಊರೇ ಇತ್ತು. ಅಮೆರಿಕದಲ್ಲಿ ಅವರ ಹೆಸರಿಗೆ ಇರುವ 1093 ಪೇಟೆಂಟುಗಳ ಹಿಂದೆ ಅವರೆಲ್ಲರ ಕೈ ಇದೆ. ಎಡಿಸನ್‌ರ ಹೆಚ್ಚುಗಾರಿಕೆ ಬಲ್ಬಿನಾಚೆಗೆ ಇದೆ: ಅದಕ್ಕೆ ಹೋಲ್ಡರ್, ಸ್ವಿಚ್, ಫ್ಯೂಸ್, ಮೀಟರ್, ನೆಲದಡಿಯ ತಂತಿ, ಕೊನೆಗೆ 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಚಾಲೂ ಆದ ವಿದ್ಯುದಾಗಾರ, ಇಷ್ಟನ್ನೂ ಒಟ್ಟಿಗೆ ಯೋಚಿಸಿದರು. ತಿಂಗಳ ಕರೆಂಟ್ ಬಿಲ್ಲಿನ ಮೂಲಪುರುಷರು ಅವರೇ ಎಂದರೂ ನಡೆದೀತು.

ಹಠವೂ ಇತ್ತು. ಅವರ ನೇರ ವಿದ್ಯುತ್ತು (ಡಿಸಿ) ಒಂದೂವರೆ ಕಿಲೋಮೀಟರ್ ದಾಟುವಷ್ಟರಲ್ಲಿ ಸೊರಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇಟ್ಟು ದೂರಕ್ಕೆ ಒಯ್ಯಬಹುದಾದ ಪರ್ಯಾಯ ವಿದ್ಯುತ್ತನ್ನು (ಎಸಿ) ಸಂಶೋಧಕ ಟೆಸ್ಲಾ, ಉದ್ಯಮಿ ವೆಸ್ಟಿಂಗ್‌ಹೌಸ್ ಮುಂದೆ ತಂದಾಗ ಅದನ್ನು ಅಪಾಯ ಎಂದು ಜರೆದರು. ಪ್ರಾಣಿಗಳಿಗೆ ಶಾಕ್ ಕೊಟ್ಟು ಕೊಂದು ತೋರಿಸುವ ಕ್ರೂರ ಪ್ರದರ್ಶನಗಳಿಗೆ ತಮ್ಮ ಪ್ರಯೋಗಾಲಯವನ್ನೇ ಬಿಟ್ಟುಕೊಟ್ಟರು. ಇದನ್ನೂ ಮಕ್ಕಳಿಗೆ ಹೇಳಿದ್ದೇನೆ. ಗೆದ್ದದ್ದು ಪರ್ಯಾಯ ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಹರಿದದ್ದು ಅದೇ, ಅದರ ಯಂತ್ರಗಳನ್ನು ಕೊಟ್ಟದ್ದು ಎಡಿಸನ್ ಕಂಪನಿಯೇ ವಿಲೀನವಾಗಿ ಹುಟ್ಟಿದ ಜನರಲ್ ಎಲೆಕ್ಟ್ರಿಕ್. 1948ರಿಂದ ಜೋಗದಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಇನ್ನೂ ದೊಡ್ಡದಾಗಿ ಶರಾವತಿ ತಯಾರಿಸುತ್ತಿರುವುದೂ ಅದೇ. ಆ ಬೆಳಕಿಗಾಗಿ ಗದ್ದೆ, ತೋಟ, ಮನೆ ಬಿಟ್ಟು ಎದ್ದು ಬಂದ ಮುಳುಗಡೆ ಕುಟುಂಬಗಳ ಮೊಮ್ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ. ಪ್ರದರ್ಶನದ ದಿನ ಅವರ ಮನೆಯ ಹಿರಿಯರು ಬಂದು ಲಾಟೀನಿನ ಕಾಲದ ಮಾತು ಹೇಳಬೇಕೆಂದು ನನ್ನ ವಿಶೇಷ ಕೋರಿಕೆ. ಅವರಿಗೆ ಕುರ್ಚಿ ಮುಂದಿನ ಸಾಲಿನಲ್ಲಿ.

ಪ್ರದರ್ಶನ ಬೆಳಿಗ್ಗೆ ಹತ್ತಕ್ಕೆ ಶುರು. ಬಿಚ್ಚಿ ನೋಡುವ ಮೇಜೊಂದು ಇರುತ್ತದೆ. ಕೆಟ್ಟ ರೇಡಿಯೊ, ಗಡಿಯಾರ, ಟಾರ್ಚ್, ಹಳೆಯ ಮಿಕ್ಸಿ ಇದ್ದರೆ ಮಕ್ಕಳ ಕೈಯಲ್ಲಿ ಕಳುಹಿಸಿ. ವಾಪಸ್ ಜೋಡಿಸಿ ಕೊಡುತ್ತೇವೆ ಎಂಬ ಭರವಸೆ ಇಲ್ಲ. ಟಿವಿ ಮತ್ತು ಮೈಕ್ರೋವೇವ್ ಬೇಡ, ಕೆಟ್ಟಿದ್ದರೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಮೊಬೈಲಿನ ಉಬ್ಬಿದ ಬ್ಯಾಟರಿ, ಸೋರಿದ ಸೆಲ್ ಕೂಡ ಬೇಡ. ಮನೆಯಲ್ಲಿ ಯಾವ ಮಗುವೂ ಗೋಡೆಯ ಪ್ಲಗ್ಗಿಗಾಗಲಿ ಪಂಪ್‌ಸೆಟ್ಟಿನ ಸ್ಟಾರ್ಟರಿಗಾಗಲಿ ಕೈ ಹಾಕದಂತೆ ನೋಡಿಕೊಳ್ಳಿ. ನಮ್ಮ ಪ್ರಯೋಗಗಳೆಲ್ಲ ಬ್ಯಾಟರಿಯಲ್ಲಿ ಮಾತ್ರ. ಮಧ್ಯಾಹ್ನದ ಬಿಸಿಯೂಟ ಬಂದವರಿಗೆಲ್ಲ ಇದೆ, ಆದ್ದರಿಂದ ಎಷ್ಟು ಜನ ಬರುತ್ತೀರಿ ಎಂದು 25ರೊಳಗೆ ತಿಳಿಸಿ. ಮುಲಾಮಿನ ಖಾಲಿ ಡಬ್ಬಿಗಳು ಇನ್ನೂ ಒಂದು ಡಜನ್ ಬೇಕಾಗಿವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ